ಒಂದೇ ಗಿಡದ ಎರಡು ಕಡ್ಡಿ: ಹೂವಿಗೆ ಬಣ್ಣ ಎಲ್ಲಿಂದ ಬರುತ್ತೆ

ಆಗಸ್ಟ್ ಕೊನೆಯಲ್ಲಿ ವಿರಾಜಪೇಟೆ ಹತ್ತಿರ ಒಂದು ಊರಿನ ಮೀಟಿಂಗ್ ಹಾಲಲ್ಲಿ ಹೂವಿನ ಬಣ್ಣದ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಅವತ್ತು ಮಳೆ ಜೋರಿತ್ತು, ಶೀಟ್ ಮಾಡಿನ ಸದ್ದಲ್ಲಿ ಹಿಂದಿನ ಸಾಲಿನವರಿಗೆ ಅರ್ಧಕ್ಕರ್ಧ ಕೇಳಿಸ್ಲಿಲ್ಲ ಅಂದ್ರು, ಬರೆದು ಕೊಡಿ ಅಂತ ಕೇಳಿದ್ರು, ಅದಕ್ಕೇ ಇದು. ಮಾತಾಡಿದ ಹಾಗೇ ಬರೆದಿದೀನಿ, ಮಧ್ಯೆ ಮಧ್ಯೆ ನೀವು ಕೇಳಿದ ಪ್ರಶ್ನೆಗಳೂ ಇವೆ.

ಮೇಜಿನ ಮೇಲೆ ಎರಡು ಗೊಂಚಲು ಹೈಡ್ರಾಂಜಿಯಾ ಇಟ್ಟಿದ್ದೆ. ಒಂದು ನೀಲಿ, ಮಡಿಕೇರಿ ಕಡೆ ಮನೆ ಮನೆ ಮುಂದೆ ಕಾಣುತ್ತಲ್ಲ ಆ ನೀಲಿ. ಇನ್ನೊಂದು ಗುಲಾಬಿ ಬಣ್ಣದ್ದು. ಇವೆರಡೂ ಒಂದೇ ತಳಿನಾ ಬೇರೆ ಬೇರೆನಾ ಅಂತ ಕೇಳಿದಾಗ ಮುಕ್ಕಾಲು ಜನ ಬೇರೆ ಅಂತ ಕೈ ಎತ್ತಿದ್ರು. ನಾನೂ ಚಿಕ್ಕವನಿದ್ದಾಗ ಹಾಗೇ ಅನ್ಕೊಂಡಿದ್ದೆ. ಆದ್ರೆ ಅವೆರಡೂ ನಮ್ಮಜ್ಜಿಯ ಒಂದೇ ಗಿಡದಿಂದ ಬಂದಿದ್ದು. ಅಮ್ಮ ಒಂದೇ ದಿನ ಎರಡು ಕಡ್ಡಿ ಮುರಿದು ತಂದು ಒಂದನ್ನ ಹಿತ್ತಿಲಲ್ಲಿ ಹಲಸಿನ ಮರದ ಕೆಳಗೆ ನೆಟ್ರು, ಇನ್ನೊಂದನ್ನ ಮನೆ ಮುಂದಿನ ಹಳೇ ಗೋಡೆ ಬುಡದಲ್ಲಿ ನೆಟ್ರು. ಹಿತ್ತಿಲಿನದ್ದು ಇವತ್ತಿಗೂ ನೀಲಿ. ಗೋಡೆ ಬುಡದ್ದು ಎರಡು ಮೂರು ವರ್ಷದಲ್ಲಿ ಕೆನ್ನೀಲಿ ಆಗಿ, ಆಮೇಲೆ ಗುಲಾಬಿಗೆ ತಿರುಗಿ ಹಾಗೇ ನಿಂತ್ಬಿಡ್ತು. ಅಮ್ಮ ಯಾರೋ ಗಿಡ ಬದಲಾಯಿಸಿದಾರೆ ಅಂತಾನೇ ತುಂಬ ದಿನ ನಂಬಿದ್ರು.

ಕಡ್ಡಿಯಿಂದ ಬೆಳೆಸಿದ ಗಿಡ ಅಂದ್ರೆ ತಾಯಿ ಗಿಡದ್ದೇ ತುಂಡು ತಾನೆ, ಜೀನ್‌ಗಳು ಅಕ್ಷರಕ್ಕಕ್ಷರ ಅವೇ. ಹಾಗಿದ್ರೆ ಬಣ್ಣ ಯಾಕೆ ಬೇರೆ ಆಯ್ತು? ಉತ್ತರ ಗೋಡೆಯಲ್ಲಿದೆ. ಆ ಗೋಡೆಗೆ ಪ್ರತಿ ವರ್ಷ ಸುಣ್ಣ ಬಳೀತಿದ್ವಿ, ಮಳೆ ನೀರು ಅದನ್ನ ತೊಳೆದು ಬುಡಕ್ಕೆ ಇಳಿಸ್ತಿತ್ತು, ಬುಡದ ಮಣ್ಣಿನ ಹುಳಿ ಕಮ್ಮಿ ಆಗ್ತಾ ಬಂತು. ಹಿತ್ತಿಲಲ್ಲಿ ಮಣ್ಣು ಹುಳಿಯಾಗೇ ಉಳೀತು.

ಕೊಡಗಿನ ಮಣ್ಣು ಹುಳಿ ಅನ್ನೋದು ತೋಟ ಇರೋರಿಗೆ ಹೇಳಬೇಕಾಗಿಲ್ಲ, ಮಣ್ಣು ಟೆಸ್ಟ್ ಮಾಡಿಸಿ ಕಾಫಿಗೆ ಸುಣ್ಣ ಹಾಕೋದು ಇದಕ್ಕೇ ತಾನೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತೆ, ಇಷ್ಟು ಮಳೆ ಸಾವಿರಾರು ವರ್ಷ ಬಿದ್ದಾಗ ಮಣ್ಣಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಕೊಚ್ಕೊಂಡು ಹೋಗುತ್ತೆ, ಕಬ್ಬಿಣ ಮತ್ತೆ ಅಲ್ಯೂಮಿನಿಯಂ ಮಾತ್ರ ಹಿಂದೆ ಉಳ್ಕೊಳುತ್ತೆ. ನಮ್ಮ ಮಣ್ಣು ಕೆಂಪಗೆ ಇರೋದು ಆ ಕಬ್ಬಿಣದಿಂದ. ಅಲ್ಯೂಮಿನಿಯಂ ಕಣ್ಣಿಗೆ ಕಾಣಲ್ಲ, ಆದ್ರೆ ಹೈಡ್ರಾಂಜಿಯಾದ ಕಥೆ ಪೂರ್ತಿ ಅದರದ್ದೇ. ಪಿಎಚ್ ಅಂದ್ರೆ ಹುಳಿಯ ಅಳತೆ, ಅಂಕಿ ಕಮ್ಮಿ ಆದಷ್ಟೂ ಹುಳಿ ಜಾಸ್ತಿ. ಅದು ಸುಮಾರು 5.5ಕ್ಕಿಂತ ಕೆಳಗೆ ಇದ್ರೆ ಅಲ್ಯೂಮಿನಿಯಂ ನೀರಲ್ಲಿ ಕರಗಿ ಬೇರಿಗೆ ಸಿಗುತ್ತೆ. 6.5 ಹತ್ತಿರ ಹೋದ್ರೆ ಅದು ಮಣ್ಣಲ್ಲಿ ಇದ್ದೂ ಗಟ್ಟಿಯಾಗಿ ಕೂತಿರುತ್ತೆ, ಗಿಡಕ್ಕೆ ಎಟುಕಲ್ಲ. ಮಧ್ಯದಲ್ಲಿ ಇದ್ರೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅನ್ನೋ ನೇರಳೆ, ಕೆಲವು ಸಲ ಒಂದೇ ಗಿಡದಲ್ಲಿ ಎರಡು ಥರದ ಗೊಂಚಲು.

ನಂಗೆ ತುಂಬಾ ಇಷ್ಟವಾಗೋ ವಿಷಯ ಅಂದ್ರೆ, ಆ ನೀಲಿ ಹೈಡ್ರಾಂಜಿಯಾದಲ್ಲಿ ಇರೋ ಬಣ್ಣದ ವಸ್ತುವೂ ಗುಲಾಬಿ ಬಣ್ಣದ ಹೈಡ್ರಾಂಜಿಯಾದಲ್ಲಿ ಇರೋದೂ ಒಂದೇ. ಡೆಲ್ಫಿನಿಡಿನ್ ಅಂತ ಅದರ ಹೆಸರು, ಜೊತೆಗೆ ಒಂದು ಸಕ್ಕರೆ ಅಂಟ್ಕೊಂಡಿರುತ್ತೆ. ಅಲ್ಯೂಮಿನಿಯಂ ಬಂದು ಈ ಡೆಲ್ಫಿನಿಡಿನ್ನನ್ನ ಹಿಡ್ಕೊಂಡಾಗ ಅದು ನೀಲಿಯಾಗಿ ಕಾಣುತ್ತೆ, ಬರದೇ ಇದ್ರೆ ಗುಲಾಬಿ. ಇವೆರಡರ ಜೊತೆ ಇನ್ನೊಬ್ಬರೂ ಬೇಕು, ಆ ನೀಲಿಯನ್ನ ಬಿಗಿಯಾಗಿ ಕಟ್ಟಿ ಇಡೋಕೆ, ಅದು ಕ್ಲೋರೋಜೆನಿಕ್ ಆಸಿಡ್ ಕುಟುಂಬದ್ದು. ಈ ಕುಟುಂಬ ನಮಗೆ ಹೊಸದಲ್ಲ, ಹಸಿ ಕಾಫಿ ಬೀಜದಲ್ಲಿ ಧಾರಾಳವಾಗಿ ಇರೋದು ಇದೇ ಕುಟುಂಬದ ಆಸಿಡ್‌ಗಳು. ಇನ್ನೊಂದು ಮಾತು, ಹೈಡ್ರಾಂಜಿಯಾದಲ್ಲಿ ನಾವು ಎಸಳು ಅಂತ ನೋಡೋದು ನಿಜವಾದ ಎಸಳಲ್ಲ, ಪುಷ್ಪಪತ್ರ, ಅಂದ್ರೆ ಮೊಗ್ಗನ್ನ ಹೊರಗಿಂದ ಮುಚ್ಚೋ ಹಸಿರು ಪದರ ಇರುತ್ತಲ್ಲ ಅದೇ ದೊಡ್ಡದಾಗಿ ಬಣ್ಣ ಕಟ್ಕೊಂಡಿರೋದು.

ಇಲ್ಲಿಗೆ ಒಬ್ರು ಎದ್ದು ಹಾಗಾದ್ರೆ ಬಣ್ಣ ಮಣ್ಣಿಂದ ಬರುತ್ತೆ ಅಂತಾಯ್ತು ಅಂದ್ರು. ಅದಕ್ಕೇ ನಾನು ಚೀಲದಿಂದ ಮೂರನೇ ಹೂ ತೆಗೆದೆ, ಬಿಳಿ ಹೈಡ್ರಾಂಜಿಯಾ. ಇದನ್ನ ಅಮ್ಮನ ನೀಲಿ ಗಿಡದ ಪಕ್ಕದಲ್ಲೇ ನೆಟ್ಟಿದೀವಿ, ಅದೇ ಹುಳಿ ಮಣ್ಣು, ಅದೇ ಅಲ್ಯೂಮಿನಿಯಂ, ಬೇರುಗಳು ಒಂದಕ್ಕೊಂದು ತಾಗೋ ಅಷ್ಟು ಹತ್ರ. ಆದ್ರೂ ಬಿಳಿ. ಯಾಕಂದ್ರೆ ಅದರಲ್ಲಿ ಅಲ್ಯೂಮಿನಿಯಂ ಹಿಡ್ಕೊಳೋಕೆ ಡೆಲ್ಫಿನಿಡಿನ್ನೇ ಇಲ್ಲ. ವಯಸ್ಸಾದ ಮೇಲೆ ಸ್ವಲ್ಪ ಹಸಿರು ಬರಬಹುದು, ಅಂಚು ಕೆಂಪಾಗಬಹುದು, ನೀಲಿ ಮಾತ್ರ ಆಗಲ್ಲ. ನಾನು ಅವತ್ತು ಹೇಳೋಕೆ ಹೋಗಿದ್ದು ಮುಖ್ಯವಾಗಿ ಇದೇ ಮಾತು. ಗಿಡ ಯಾವ ಬಣ್ಣದ ವಸ್ತುವನ್ನ ಮಾಡಬಲ್ಲದು ಅನ್ನೋದು ಜೀನಿನ ಲೆಕ್ಕ, ಮಾಡಿದ ಮೇಲೆ ಅದು ಹೇಗೆ ಕಾಣುತ್ತೆ, ಎಷ್ಟು ಮಾಡುತ್ತೆ, ಯಾವಾಗ ಮಾಡುತ್ತೆ ಅನ್ನೋದರಲ್ಲಿ ಮಣ್ಣು, ಚಳಿ, ಬೆಳಕು ಎಲ್ಲ ಕೈ ಹಾಕುತ್ತೆ. ಜೀನ್ ಮುಖ್ಯನಾ ಪರಿಸರ ಮುಖ್ಯನಾ ಅಂತ ಕೇಳೋದು ಅನ್ನಕ್ಕೆ ಅಕ್ಕಿ ಮುಖ್ಯನಾ ನೀರು ಮುಖ್ಯನಾ ಅಂತ ಕೇಳಿದ ಹಾಗೆ.

ಈಗ ಬಣ್ಣದ ವಸ್ತುಗಳು ಅಂದ್ರೆ ಏನು ಅಂತ ಬೇಗ ಹೇಳ್ಬಿಡ್ತೀನಿ. ದೊಡ್ಡದಾಗಿ ಮೂರು ಕುಟುಂಬ. ಚೆಂಡುಹೂವಿನ ಹಳದಿ, ಕೇಸರಿ ಬರೋದು ಕ್ಯಾರೊಟಿನಾಯ್ಡ್‌ಗಳಿಂದ, ಕ್ಯಾರೆಟ್ಟಲ್ಲಿ ಇರೋ ಪೈಕಿಯದ್ದು. ಗುಲಾಬಿ, ದಾಸವಾಳ, ಶಂಖಪುಷ್ಪ, ಹೈಡ್ರಾಂಜಿಯಾ ಇವುಗಳ ಕೆಂಪು ನೀಲಿ ನೇರಳೆ ಬರೋದು ಆಂಥೋಸಯನಿನ್‌ಗಳಿಂದ. ಮೂರನೇದು ಬೀಟಲೇನ್, ಬೀಟ್‌ರೂಟಿನ ಬಣ್ಣ, ನಮ್ಮ ಗೇಟಿನ ಮೇಲೆ ಹಬ್ಬೋ ಬೋಗನ್‌ವಿಲ್ಲಾ, ಕೋಳಿಜುಟ್ಟಿನ ಹೂ, ಸಂಜೆ ಮಲ್ಲಿಗೆ ಇವೆಲ್ಲ ಆ ಕಡೆಯವು. ಆಂಥೋಸಯನಿನ್ ಮಾಡೋ ಗಿಡ ಬೀಟಲೇನ್ ಮಾಡಲ್ಲ, ಬೀಟಲೇನ್ ಮಾಡೋದು ಆಂಥೋಸಯನಿನ್ ಮಾಡಲ್ಲ, ಪ್ರಕೃತಿಯಲ್ಲಿ ಎರಡನ್ನೂ ಮಾಡೋ ಗಿಡ ಇವತ್ತಿನವರೆಗೂ ಸಿಕ್ಕಿಲ್ಲ.

ಬಿಳಿ ಹೂವಿಗೆ ಬಿಳಿ ಬಣ್ಣದ ವಸ್ತು ಅಂತ ಏನೂ ಬೇಡ. ಒಂದು ಬಿಳಿ ದಾಸವಾಳದ ಎಸಳು ತಗೊಂಡು ಹೆಬ್ಬೆರಳು ತೋರ್ಬೆರಳಿನ ಮಧ್ಯೆ ಇಟ್ಟು ಗಟ್ಟಿಯಾಗಿ ಒತ್ತಿ. ಒತ್ತಿದ ಜಾಗ ಬಿಳಿ ಹೋಗಿ ಎಣ್ಣೆ ಕಾಗದದ ಥರ ಆಗುತ್ತೆ, ಹಿಂದೆ ಇರೋ ಬೆರಳು ಕಾಣುತ್ತೆ. ಎಸಳೊಳಗೆ ಕೋಶಗಳ ಮಧ್ಯೆ ಗಾಳಿ ತುಂಬ್ಕೊಂಡಿರುತ್ತೆ, ಬೆಳಕು ಅಲ್ಲಿ ಬಿದ್ದು ಎಲ್ಲ ಕಡೆ ಚೆದುರೋದ್ರಿಂದ ಬಿಳಿ ಕಾಣೋದು, ಹಾಲಿನ ನೊರೆ ಬೆಳ್ಳಗೆ ಕಾಣೋ ಹಾಗೆ. ಗಾಳಿ ಹೋಯ್ತು ಬಿಳಿ ಹೋಯ್ತು. ಅವತ್ತು ಅಲ್ಲಿದ್ದ ಮಕ್ಕಳೆಲ್ಲ ಇದನ್ನ ಮಾಡಿ ನೋಡಿದ್ರು, ಮೇಜಿನ ಮೇಲಿದ್ದ ನಾಲ್ಕು ಹೂವೂ ಖಾಲಿ.

ಜೀನ್ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನಮ್ಮ ಕಾಫಿ ಪಲ್ಪಿಂಗ್ ಹೌಸಿಗಿಂತ ಒಳ್ಳೇ ಉದಾಹರಣೆ ನಂಗೆ ಗೊತ್ತಿಲ್ಲ. ಹಣ್ಣು ಬರುತ್ತೆ, ಪಲ್ಪರಿಗೆ ಹಾಕ್ತೀವಿ, ಸಿಪ್ಪೆ ಹೋಗುತ್ತೆ, ತೊಟ್ಟೀಲಿ ನೆನೆಸ್ತೀವಿ, ತೊಳೀತೀವಿ, ಕಣದಲ್ಲಿ ಒಣಗಿಸ್ತೀವಿ, ಕೊನೆಗೆ ಪಾರ್ಚ್‌ಮೆಂಟ್, ಅಂದ್ರೆ ತೆಳು ಹೊಟ್ಟಿನೊಳಗಿರೋ ಒಣಗಿದ ಬೀಜ. ಒಂದು ಹಂತ ನಿಂತ್ರೆ ಮುಂದಿನದ್ದೆಲ್ಲ ನಿಂತ ಹಾಗೆ. ಆಂಥೋಸಯನಿನ್ ಮಾಡೋದೂ ಹಾಗೇ. ಫೀನೈಲ್‌ಅಲನಿನ್ ಅನ್ನೋ ಅಮೈನೋ ಆಸಿಡ್ ಕಚ್ಚಾ ಮಾಲು, ಅದನ್ನ ಒಂದಾದ ಮೇಲೊಂದು ಎಂಜೈಮ್‌ಗಳು ತಿದ್ದಿ ತಿದ್ದಿ ಕೊನೆಗೆ ಬಣ್ಣ ಮಾಡ್ತವೆ, ಒಂದೊಂದು ಎಂಜೈಮಿಗೂ ಒಂದೊಂದು ಜೀನಲ್ಲಿ ಬರೆದಿಟ್ಟ ಸೂಚನೆ. ಅಂಥ ಒಂದು ಮೆಷಿನ್ ಕೆಟ್ರೂ ಹೂ ಬಿಳಿ ಆಗಬಹುದು. ಕೊನೆ ಕೊನೆಗೆ ದಾರಿ ಮೂರು ಕಡೆ ಕವಲೊಡೆಯುತ್ತೆ: ಪೆಲಾರ್ಗೊನಿಡಿನ್ ಆದ್ರೆ ಕಿತ್ತಳೆ ಕೆಂಪು, ಸಯನಿಡಿನ್ ಆದ್ರೆ ಗುಲಾಬಿ ಕೆಂಪು, ಡೆಲ್ಫಿನಿಡಿನ್ ಆದ್ರೆ ನೇರಳೆ ನೀಲಿ. ಮೂರಕ್ಕೂ ಇರೋ ವ್ಯತ್ಯಾಸ ಬಹಳ ಚಿಕ್ಕದು, ಅಣುವಿನ ಒಂದು ಉಂಗುರದ ಮೇಲೆ ಹೈಡ್ರಾಕ್ಸಿಲ್ ಗುಂಪು, ಅಂದ್ರೆ ಆಮ್ಲಜನಕ ಜಲಜನಕದ ಜೋಡಿ, ಒಂದಿದೆಯಾ, ಎರಡಿದೆಯಾ, ಮೂರಿದೆಯಾ ಅನ್ನೋದು ಅಷ್ಟೇ. ಜಾಸ್ತಿ ಆದಷ್ಟೂ ನೀಲಿ ಕಡೆ ವಾಲುತ್ತೆ.

ಆದ್ರೆ ಮೆಷಿನ್ ಎಲ್ಲ ಸರಿಯಿದ್ರೂ ಕೆಲಸ ನಿಲ್ಲಬಹುದಲ್ವಾ, ಮೇಸ್ತ್ರಿ ಬರದೇ ಇದ್ರೆ? ಬೆಳಿಗ್ಗೆ ಆಳುಗಳನ್ನ ಕರೆದು ನೀನು ಇಲ್ಲಿ ನೀನು ಅಲ್ಲಿ ಅಂತ ಹಚ್ಚೋರು ಅವರೇ. ಜೀನ್‌ಗಳಲ್ಲೂ ಮೇಸ್ತ್ರಿ ಜೀನ್‌ಗಳು ಇವೆ, ಅವು ತಾವಾಗಿ ಬಣ್ಣ ಮಾಡಲ್ಲ, ಬಣ್ಣ ಮಾಡೋ ಜೀನ್‌ಗಳನ್ನ ಎಬ್ಬಿಸ್ತವೆ. ಮೆಂಡೆಲ್ ಬಟಾಣಿ ಕಥೆ ಎಲ್ಲರೂ ಹೈಸ್ಕೂಲಲ್ಲಿ ಓದಿರ್ತೀರಿ. ನೇರಳೆ ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಕ್ರಾಸ್ ಮಾಡಿದ್ರೆ ಮಕ್ಕಳೆಲ್ಲ ನೇರಳೆ, ಆ ಮಕ್ಕಳಲ್ಲೇ ಬೀಜ ಕಟ್ಟಿಸಿದ್ರೆ ಮೊಮ್ಮಕ್ಕಳಲ್ಲಿ ಬಿಳಿ ಮತ್ತೆ ಎದ್ದು ಬಂತು. 929 ಗಿಡದಲ್ಲಿ 705 ನೇರಳೆ, 224 ಬಿಳಿ, ಹೆಚ್ಚು ಕಮ್ಮಿ ಮೂರು ಪಾಲು ನೇರಳೆಗೆ ಒಂದು ಪಾಲು ಬಿಳಿ. 1866ರಲ್ಲಿ ಅಚ್ಚಾದ ಈ ಲೆಕ್ಕವನ್ನ ಜಗತ್ತು ಗಮನಿಸಿದ್ದು 1900ರಲ್ಲಿ, ಆಗ ಮೆಂಡೆಲ್ ಬದುಕಿರ್ಲಿಲ್ಲ. ಆ ಬಿಳಿ ಬಟಾಣಿಯಲ್ಲಿ ಅಸಲಿಗೆ ಕೆಟ್ಟಿದ್ದು ಏನು ಅನ್ನೋದು ಗೊತ್ತಾಗೋಕೆ 2010ರವರೆಗೆ ಕಾಯಬೇಕಾಯ್ತು. ಕೆಟ್ಟಿದ್ದು ಮೆಷಿನ್ ಅಲ್ಲ, ಮೇಸ್ತ್ರಿ. ಆ ಮೇಸ್ತ್ರಿ ಜೀನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ಅದರಿಂದ ಸೂಚನೆ ಸರಿಯಾಗಿ ಓದೋಕಾಗದೆ ಇಡೀ ಸಾಲು ಸುಮ್ಮನೆ ಕೂತಿತ್ತು. ನಂಗೆ ಇದನ್ನ ಮೊದಲು ಓದಿದಾಗ ಮೈ ಝುಂ ಅಂದಿತ್ತು, ಆ ಪಾದ್ರಿ ಕಣ್ಣಲ್ಲಿ ನೋಡಿ ಎಣಿಸಿದ್ದರ ಹಿಂದೆ ಇದ್ದಿದ್ದು ಒಂದು ಅಕ್ಷರ.

ಎರಡೆರಡು ಪ್ರತಿ ಇರುತ್ತೆ ಪ್ರತಿ ಜೀನಿಗೂ, ಒಂದು ತಾಯಿ ಕಡೆಯಿಂದ ಒಂದು ತಂದೆ ಕಡೆಯಿಂದ. ಬಟಾಣಿಯಲ್ಲಿ ಒಂದು ಸರಿಯಿದ್ರೆ ಸಾಕು, ನೇರಳೆ ಬರುತ್ತೆ, ಎರಡೂ ಕೆಟ್ರೆ ಮಾತ್ರ ಬಿಳಿ. ಸಂಜೆ ಮಲ್ಲಿಗೆಯಲ್ಲಿ ಹಾಗಲ್ಲ. ಜರ್ಮನಿಯ ಸಸ್ಯವಿಜ್ಞಾನಿ ಕೊರೆನ್ಸ್ ತೋರಿಸಿದ್ದು ಇದನ್ನೇ, ಕೆಂಪಿಗೂ ಬಿಳಿಗೂ ಕ್ರಾಸ್ ಮಾಡಿದ್ರೆ ಮಕ್ಕಳು ಗುಲಾಬಿ ಬಣ್ಣ, ಮೊಮ್ಮಕ್ಕಳಲ್ಲಿ ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ಒಂದು ಪ್ರತಿಯಿಂದ ಅರ್ಧ ಬಣ್ಣ. ತೋಟದ ಕೆಲಸದವರು ಇರೋ ಲೈನ್ ಮನೆ ಅಂಗಳದಲ್ಲಿ ತಾನಾಗೇ ಬೆಳ್ಕೊಂಡಿರೋ ಸಂಜೆ ಮಲ್ಲಿಗೆ ಗಿಡಗಳನ್ನ ಸಂಜೆ ನಾಲ್ಕೂವರೆ ಐದಕ್ಕೆ ಹೋಗಿ ನೋಡಿ, ಒಂದೇ ಗಿಡದಲ್ಲಿ ಅರ್ಧ ಹಳದಿ ಅರ್ಧ ಕೆಂಪು, ಚುಕ್ಕೆ ಚುಕ್ಕೆ, ಪಟ್ಟೆ ಪಟ್ಟೆ ಹೂ ಸಿಗುತ್ತೆ. ಹೂಗಳಲ್ಲಿ ಇಂಥ ಪಟ್ಟೆ ಎಷ್ಟೋ ಸಲ ಬರೋದು ಹಾರೋ ಜೀನ್‌ಗಳಿಂದ, ಡಿಎನ್‌ಎಯ ಒಂದು ತುಂಡು ಬಣ್ಣದ ಜೀನೊಳಗೆ ಬಂದು ಕೂತು ಅದನ್ನ ಕೆಡಿಸುತ್ತೆ, ಹೂ ಬೆಳೀತಿರುವಾಗ ಯಾವುದೋ ಒಂದು ಕೋಶದಲ್ಲಿ ಅದು ಎದ್ದು ಹೋಗುತ್ತೆ, ಆ ಕೋಶದ ಸಂತಾನಕ್ಕೆಲ್ಲ ಬಣ್ಣ ವಾಪಸ್. ಹೀಗೆ ಜಾಗ ಬದಲಾಯಿಸೋ ಜೀನ್‌ಗಳು ಇವೆ ಅಂತ ಮೆಕ್ಕೆಜೋಳದ ಕಾಳಿನ ಬಣ್ಣ ನೋಡ್ಕೊಂಡು ಕಂಡುಹಿಡಿದವರು ಬಾರ್ಬರಾ ಮೆಕ್ಲಿಂಟಕ್, ಅವರ ಮಾತನ್ನ ವರ್ಷಗಟ್ಟಲೆ ಹೆಚ್ಚು ಜನ ಕಿವಿಗೇ ಹಾಕ್ಕೊಳ್ಲಿಲ್ಲ, 1983ರಲ್ಲಿ ನೊಬೆಲ್ ಬಂದಾಗ ಅವರಿಗೆ 81 ವರ್ಷ.

ಕಾಫಿ ಬಗ್ಗೆ ಒಂದು ಮಾತು ಹೇಳದೇ ಇದ್ರೆ ತಪ್ಪಾಗುತ್ತೆ. ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತಲ್ಲ, ಆ ಕಾಫಿ ಗಿಡಕ್ಕೆ ಬಣ್ಣ ಮಾಡೋಕೆ ಬರಲ್ಲ ಅಂತಲ್ಲ. ಅದೇ ಗಿಡದ ಹಣ್ಣು ಕೆಂಪಾಗೋದು ಆಂಥೋಸಯನಿನ್‌ನಿಂದ. ಕೆಲವು ಅರೇಬಿಕಾ ಗಿಡಗಳ ಚಿಗುರು ಕಂಚಿನ ಬಣ್ಣ ಇರುತ್ತೆ, ಕೆಲವಕ್ಕೆ ಹಸಿರು, ಅದೂ ತಳಿಯ ಗುಣ. ಅಂದ್ರೆ ಬಣ್ಣದ ಜೀನ್ ಹೂವಿನ ಪ್ರತಿ ಕೋಶದಲ್ಲೂ ಇದೆ, ಅಲ್ಲಿ ಅದನ್ನ ಯಾರೂ ಎಬ್ಬಿಸಲ್ಲ ಅಷ್ಟೇ, ಹಣ್ಣಲ್ಲಿ ಎಬ್ಬಿಸ್ತಾರೆ. ಹಳದಿ ಹಣ್ಣಿನ ಅರೇಬಿಕಾ ನೋಡಿರ್ತೀರಿ, ಅದರಲ್ಲಿ ಹಣ್ಣಿನ ಸಿಪ್ಪೆಯಲ್ಲೂ ಆ ಕೆಂಪು ಬರಲ್ಲ.

ಜೀನ್ ನಮಗೆ ಅರ್ಥ ಆಯ್ತು ಅಂತ ಅನ್ಕೊಂಡಾಗಲೇ ಹೂವು ಪಾಠ ಕಲಿಸಿದ್ದೂ ಇದೆ. 1990ರ ಸುಮಾರಿಗೆ ಅಮೆರಿಕದಲ್ಲಿ ರಿಚರ್ಡ್ ಜೋರ್ಗೆನ್‌ಸನ್ ಅವರ ತಂಡ ನೇರಳೆ ಪೆಟುನಿಯಾವನ್ನ ಇನ್ನೂ ಗಾಢ ಮಾಡೋಣ ಅಂತ ಬಣ್ಣದ ದಾರಿಯ ಒಂದು ಮುಖ್ಯ ಜೀನನ್ನ ಇನ್ನೊಂದು ಪ್ರತಿ ಹಾಕಿದ್ರು. ಎರಡು ಪಲ್ಪರ್ ಇದ್ರೆ ಜಾಸ್ತಿ ಮಾಲು ಬರಬೇಕಲ್ವಾ. ಬಂದಿದ್ದು ಬಿಳಿ ಹೂ, ಬಿಳಿ ಪಟ್ಟೆ ಹೂ. ಗಿಡ ಹೊಸದನ್ನೂ ಮುಚ್ಚಿಸಿ ತನ್ನ ಹಳೇದನ್ನೂ ಮುಚ್ಚಿಸಿತ್ತು. ಅದೇ ಕಾಲಕ್ಕೆ ನೆದರ್‌ಲ್ಯಾಂಡ್ಸಲ್ಲೂ ಇದೇ ಕಂಡಿತು. ಯಾಕೆ ಅಂತ ಆಗ ಯಾರಿಗೂ ಗೊತ್ತಾಗ್ಲಿಲ್ಲ. 1998ರಲ್ಲಿ ಒಂದು ಪುಟ್ಟ ಹುಳದ ಮೇಲೆ ಕೆಲಸ ಮಾಡ್ತಿದ್ದ ಆಂಡ್ರೂ ಫೈರ್, ಕ್ರೇಗ್ ಮೆಲ್ಲೊ ಇದರ ಒಳಗುಟ್ಟು ಬಿಡಿಸಿದ್ರು, ಆರ್‌ಎನ್‌ಎ ಅಂದ್ರೆ ಜೀನಿನ ಸೂಚನೆ ಹೊತ್ಕೊಂಡು ಹೋಗೋ ಸಂದೇಶ, ಸಾಮಾನ್ಯವಾಗಿ ಒಂದೆಳೆ; ಎರಡೆಳೆಯ ಆರ್‌ಎನ್‌ಎ ಸಿಕ್ಕಿದಾಗ ಜೀವಕೋಶ ಅದೇ ಥರದ ಸಂದೇಶಗಳನ್ನೆಲ್ಲ ಹುಡುಕಿ ಕತ್ತರಿಸುತ್ತೆ ಅಂತ. 2006ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಅದೇ ತತ್ವದ ಮೇಲೆ ಮನುಷ್ಯರಿಗೆ ಔಷಧಿಗಳೂ ಬಂದಿವೆ. ಅದರ ಮೊದಲ ಸುಳಿವುಗಳಲ್ಲಿ ಒಂದು ಬಣ್ಣ ಕಳ್ಕೊಂಡ ಪೆಟುನಿಯಾದಿಂದ ಬಂದಿದ್ದು.

ನೀಲಿ ಗುಲಾಬಿ ಬಗ್ಗೆ ಕಾಲೇಜ್ ಹುಡುಗಿ ಒಬ್ಳು ಕೇಳಿದ್ಲು, ಆನ್‌ಲೈನಲ್ಲಿ ಬೀಜ ಮಾರ್ತಾರಲ್ಲ ಅದು ನಿಜನಾ ಅಂತ. ಆ ಬೀಜ ನಂಬಬೇಡಿ. ಗುಲಾಬಿ ಗಿಡಕ್ಕೆ ಡೆಲ್ಫಿನಿಡಿನ್ ಮಾಡೋ ಎಂಜೈಮೇ ಇಲ್ಲ, ಹಾಗಾಗಿ ಎಷ್ಟು ನೂರು ವರ್ಷ ಕ್ರಾಸ್ ಮಾಡಿದ್ರೂ ನೀಲಿ ಬರಲ್ಲ. ಜಪಾನಿನ ಸಂಟೋರಿ ಕಂಪನಿ ಆಸ್ಟ್ರೇಲಿಯಾದ ಫ್ಲೋರಿಜೀನ್ ಜೊತೆ ಸೇರಿ ಪ್ಯಾನ್ಸಿ ಹೂವಿನ ಜೀನ್ ಹಾಕಿ 2004ರಲ್ಲಿ ಒಂದು ಗುಲಾಬಿ ತೋರಿಸ್ತು, 2009ರಲ್ಲಿ ಜಪಾನಲ್ಲಿ ಮಾರೋಕೂ ಶುರು ಮಾಡ್ತು. ಡೆಲ್ಫಿನಿಡಿನ್ ಏನೋ ಬಂತು, ಆದ್ರೆ ಹೂ ನೋಡಿದ್ರೆ ತಿಳಿ ನೇರಳೆ, ನಮ್ಮ ಹೈಡ್ರಾಂಜಿಯಾದ ನೀಲಿ ಅಲ್ಲ. ಒಂದು ಕಾರಣ ಏನಂದ್ರೆ ಗುಲಾಬಿ ಎಸಳಿನ ಕೋಶದೊಳಗಿನ ರಸ ಹುಳಿ. ಬಣ್ಣ ಆ ರಸದಲ್ಲೇ ಕರಗಿರೋದು, ಹುಳಿಯಲ್ಲಿ ಆಂಥೋಸಯನಿನ್ ಕೆಂಪು ಕಡೆಗೇ ಎಳೆಯುತ್ತೆ.

ಇದನ್ನ ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ ಅಂತ ಅವತ್ತು ಸ್ಟೀಲ್ ಚೊಂಬಲ್ಲಿ ಬಿಸಿನೀರು ತರಿಸಿ ಹತ್ತು ಶಂಖಪುಷ್ಪ ಹಾಕಿ ಐದು ನಿಮಿಷ ಮುಚ್ಚಿಟ್ಟೆ. ಮೂರು ಗಾಜಿನ ಲೋಟಕ್ಕೆ ಬಗ್ಗಿಸಿದಾಗ ಇಂಕಿನ ಥರ ನೀಲಿ. ಒಂದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದೆ. ನಿಂಬೆ ರಸ ಬಿದ್ದ ಜಾಗದಲ್ಲಿ ಮೊದಲು ನೇರಳೆ ಎಳೆ ಎಳೆಯಾಗಿ ಇಳೀತು, ಚಮಚದಲ್ಲಿ ತಿರುಗಿಸಿದ್ರೆ ಪೂರ್ತಿ ಗುಲಾಬಿ ನೇರಳೆ. ಇನ್ನೊಂದಕ್ಕೆ ಅಡುಗೆ ಸೋಡ ಚಿಟಿಕೆ ಚಿಟಿಕೆ ಹಾಕ್ತಾ ಹೋದ್ರೆ ಹಸಿರು ಕಡೆಗೆ ತಿರುಗ್ತು. ಮುಂದಿನ ಸಾಲಲ್ಲಿ ಕೂತಿದ್ದ ಅಜ್ಜಿ ಒಬ್ರು ಅರಿಶಿನದ ಕಲೆಗೆ ಸೋಪ್ ಹಾಕಿದ್ರೆ ಕೆಂಪಾಗುತ್ತಲ್ಲ ಹಾಗೆಯಾ ಅಂತ ಕೇಳಿದ್ರು, ಹೌದು, ವಸ್ತು ಬೇರೆ, ವಿಷಯ ಅದೇ. ಕೆಲವು ಹೂ ಇದನ್ನ ತಾವಾಗೇ ಮಾಡ್ಕೊಳ್ತವೆ. ನೀಲಿ ಮಾರ್ನಿಂಗ್ ಗ್ಲೋರಿ ಬಳ್ಳಿಯ ಮೊಗ್ಗು ಕೆಂಪು ನೇರಳೆ ಇರುತ್ತೆ, ಆಗ ಕೋಶದ ರಸದ ಪಿಎಚ್ 6.6, ಅರಳೋ ಹೊತ್ತಿಗೆ ಗಿಡ ಅದನ್ನ 7.7ಕ್ಕೆ ಏರಿಸುತ್ತೆ, ಅದೇ ಬಣ್ಣದ ವಸ್ತು ಈಗ ಆಕಾಶ ನೀಲಿ. ಅಂದಹಾಗೆ 2017ರಲ್ಲಿ ಜಪಾನಿನವರು ನಿಜವಾದ ನೀಲಿ ಸೇವಂತಿಗೆ ಮಾಡಿದಾಗ ಹಾಕಿದ ಎರಡು ಜೀನಲ್ಲಿ ಒಂದು ಈ ಶಂಖಪುಷ್ಪದ್ದೇ.

ಮಣ್ಣು ಬಿಟ್ರೆ ಚಳಿ ಬಿಸಿಲು. ಡಿಸೆಂಬರ್ ಜನವರಿಯ ಗುಲಾಬಿ ಗಾಢವಾಗಿರುತ್ತೆ, ಅದೇ ಗಿಡ ಏಪ್ರಿಲಲ್ಲಿ ಪೇಲವ, ಇದನ್ನ ಹೂ ಬೆಳೆಸೋರೆಲ್ಲ ನೋಡಿರ್ತಾರೆ. ಸೆಕೆ ಜಾಸ್ತಿ ಆದಾಗ ಆಂಥೋಸಯನಿನ್ ಜೀನ್‌ಗಳು ಕೆಲಸ ಕಮ್ಮಿ ಮಾಡ್ತವೆ, ಮಾಡಿದ್ದೂ ಬೇಗ ಹಾಳಾಗುತ್ತೆ. ನಮ್ಮ ಕಡ್ಡಿ ತಗೊಂಡು ಹೋಗಿ ಮೈಸೂರಲ್ಲಿ ನೆಟ್ರೆ ಆ ಬಣ್ಣ ಬರಲ್ಲ ಅಂತ ನೆಂಟರು ದೂರ್ತಾರಲ್ಲ, ಅವರು ಹೇಳೋದು ಸುಳ್ಳಲ್ಲ. ಆದ್ರೆ ಚಳಿ ಇದ್ದಷ್ಟೂ ಬಣ್ಣ ಅಂತ ಸೂತ್ರ ಮಾಡ್ಕೋಬೇಡಿ. ಸ್ಥಲಪದ್ಮ ಅಂತ ಒಂದು ಹೂ ಇದೆ, ದಾಸವಾಳದ ಜಾತಿ, ಬೆಳಿಗ್ಗೆ ಅಚ್ಚ ಬಿಳಿ, ಮಧ್ಯಾಹ್ನಕ್ಕೆ ಗುಲಾಬಿ, ಸಂಜೆಗೆ ಕೆಂಪು. ಹಗಲು ಹೊತ್ತಲ್ಲೇ ಅದು ಕೂತಲ್ಲೇ ಆಂಥೋಸಯನಿನ್ ಮಾಡ್ತಾ ಹೋಗುತ್ತೆ. ಅವತ್ತು ಬೆಳಿಗ್ಗೆ ಏಳು ಗಂಟೆಗೆ ಎರಡು ಹೂ ಕೊಯ್ದು ಒಂದನ್ನ ಫ್ರಿಜ್ಜಲ್ಲಿಟ್ಟು ಒಂದನ್ನ ಅಡುಗೆ ಮನೆ ಕಟ್ಟೆ ಮೇಲೆ ನೀರಲ್ಲಿ ಇಟ್ಟಿದ್ದೆ. ಮೂರು ಗಂಟೆಗೆ ಮೀಟಿಂಗ್ ಹಾಲಿಗೆ ತಂದಾಗ ಕಟ್ಟೆ ಮೇಲಿಂದು ಕೆಂಪು ತಿರುಗಿತ್ತು, ಫ್ರಿಜ್ಜಿಂದು ಇನ್ನೂ ಬಿಳಿ. ಅಷ್ಟು ಥಂಡಿಯಲ್ಲಿ ಎಂಜೈಮ್‌ಗಳ ಕೆಲಸ ತೀರಾ ನಿಧಾನ ಆಗಿಬಿಡುತ್ತೆ. ಮಾತು ಮುಗಿಯೋ ಹೊತ್ತಿಗೆ ಅದರ ಅಂಚಲ್ಲೂ ತೆಳುವಾಗಿ ಗುಲಾಬಿ ಬಂದಿತ್ತು, ಮಕ್ಕಳು ನಂಗಿಂತ ಮೊದಲು ನೋಡಿದ್ರು.

ಬೆಳಕಿನ ವಿಷಯಕ್ಕೆ ಪಾಯಿನ್‌ಸೆಟ್ಟಿಯಾ ಬೇಲಿ ನೋಡಿದ್ರೆ ಸಾಕು. ಡಿಸೆಂಬರಲ್ಲಿ ಅದರ ತುದಿ ಎಲೆಗಳು ಕೆಂಡದ ಹಾಗೆ ಆಗೋದು ರಾತ್ರಿ ಉದ್ದ ಆಗಿದ್ರಿಂದ, ದಿನಕ್ಕೆ ಹನ್ನೆರಡು ಗಂಟೆಗಿಂತ ಜಾಸ್ತಿ ಕತ್ತಲೆ ಬಿಡದೇ ಸಿಗಬೇಕು. ರಾತ್ರಿಯಿಡೀ ಉರಿಯೋ ಲೈಟ್ ಪಕ್ಕದ ಗಿಡ ಹಸಿರಾಗೇ ಉಳಿಯುತ್ತೆ, ನಾಲ್ಕು ಮಾರು ಆಚೆ ಅದೇ ಗಿಡದ ಕಡ್ಡಿ ಕೆಂಪು. ಗೇಟಿನ ಲೈಟ್ ಆರಿಸಿ ನೋಡಿ ಅಂತ ಒಬ್ಬರಿಗೆ ಹೇಳಿ ಕಳಿಸಿದೀನಿ.

ವಯಸ್ಸಿನ ಜೊತೆ ಬಣ್ಣ ಬದಲಾಗೋ ಹೂಗಳೂ ಇವೆ. ನಾಗರಹೊಳೆ ಕಡೆ ಕಾಡನ್ನೇ ನುಂಗಿರೋ ಲಂಟಾನದಲ್ಲಿ ಒಂದೇ ಗೊಂಚಲಲ್ಲಿ ಮಧ್ಯೆ ಹಳದಿ, ಸುತ್ತ ಕೆಂಪು. ಹಳದಿ ಹೊಸತು, ಮಕರಂದ ಇರೋದು ಅದರಲ್ಲೇ, ಚಿಟ್ಟೆಗಳು ಹೆಚ್ಚಾಗಿ ಅದರ ಮೇಲೇ ಕೂರ್ತವೆ. ಇನ್ನು ತೋಕ್ ಪೂ, ಅಂದ್ರೆ ಅಗ್ನಿಶಿಖೆ ಹೂ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೋಳ್ದ್ ಇನ್ನೇನು ಬಂತು, ಕೋವಿಗೆ ಆ ಹೂ ಸಿಕ್ಕಿಸೋದು ನಮಗೆಲ್ಲ ಗೊತ್ತು, ಆದ್ರೆ ಒಂದು ಹೂವನ್ನ ಅರಳಿದ ದಿನದಿಂದ ಬಿಡದೇ ನೋಡಿದೀರಾ? ಮೊದಲು ಹಸಿರು ಹಳದಿ, ಆಮೇಲೆ ತುದಿಯಿಂದ ಕೆಂಪು ಇಳೀತಾ ಬರುತ್ತೆ, ಬುಡದಲ್ಲಿ ಹಳದಿ ಉಳಿಯುತ್ತೆ, ಕೊನೆಗೆ ಎಸಳು ಪೂರ್ತಿ ಕೆಂಪು. ಆ ಗಿಡದ ಗೆಡ್ಡೆ ಬೀಜದಲ್ಲಿ ಕಾಲ್ಚಿಸಿನ್ ಅನ್ನೋ ವಿಷ ಇದೆ, ಮಕ್ಕಳ ಕೈಗೆ ಕೊಡಬೇಡಿ. ಇದೇ ಕಾಲ್ಚಿಸಿನ್ನನ್ನ ಗಿಡಗಳ ಕ್ರೋಮೋಸೋಮ್, ಅಂದ್ರೆ ಜೀನ್‌ಗಳನ್ನ ಹೊತ್ತಿರೋ ಎಳೆಗಳ ಸಂಖ್ಯೆ ಇಮ್ಮಡಿ ಮಾಡೋಕೆ 1937ರ ಹೊತ್ತಿಂದ ತಳಿ ಮಾಡೋರು ಬಳಸ್ತಾ ಬಂದಿದಾರೆ, ದೊಡ್ಡ ದೊಡ್ಡ ಹೂ ಬಿಡೋ ಎಷ್ಟೋ ತಳಿಗಳು ಹಾಗೆ ಆಗಿದ್ದು.

ಪ್ರಶ್ನೆಗಳಲ್ಲಿ ಎರಡು ಮಾತ್ರ ಬರೀತೀನಿ. ಗುಲಾಬಿ ಹೈಡ್ರಾಂಜಿಯಾನ ನೀಲಿ ಮಾಡೋಕೆ ಪಟಿಕ ಹಾಕಬಹುದಾ ಅಂತ ಸುಮಾರು ಜನ ಕೇಳಿದ್ರು. ಹಾಕಬಹುದು, ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಆದ್ರೆ ನೀರಲ್ಲಿ ತೆಳ್ಳಗೆ ಕರಗಿಸಿ, ತಿಂಗಳಿಗೆ ಒಂದ್ಸಲ ಎರಡ್ಸಲ, ಮೊಗ್ಗು ಬರೋಕೆ ತುಂಬ ಮೊದಲೇ. ಮುಷ್ಟಿಗಟ್ಟಲೆ ಸುರಿದ್ರೆ ಬೇರು ಸುಟ್ಟೋಗುತ್ತೆ. ಅರಳಿದ ಹೂ ಮೇಲೆ ಪರಿಣಾಮ ಕಾಣಲ್ಲ, ಮುಂದಿನ ವರ್ಷದ್ದಕ್ಕೆ ಕಾಯಬೇಕು. ರಾಕ್ ಫಾಸ್ಫೇಟ್, ಡಿಎಪಿ ಅಂಥ ಫಾಸ್ಫೇಟ್ ಗೊಬ್ಬರ ಬುಡಕ್ಕೆ ಜಾಸ್ತಿ ಹಾಕಬೇಡಿ, ಫಾಸ್ಫೇಟು ಅಲ್ಯೂಮಿನಿಯಂನ ಕಟ್ಟಿಹಾಕಿ ಗಿಡಕ್ಕೆ ಸಿಗದ ಹಾಗೆ ಮಾಡುತ್ತೆ. ಸುಣ್ಣದ ಗೋಡೆಯಿಂದ ಸ್ವಲ್ಪ ದೂರ ನೆಟ್ರೆ ಪಟಿಕದ ಅಗತ್ಯವೇ ಬರಲ್ಲ, ನಮ್ಮ ಮಣ್ಣು ಸಾಕು.

ಇನ್ನೊಬ್ಬರು ಕೊನೆಯಲ್ಲಿ ನಿಧಾನಕ್ಕೆ ಬಂದು, ಅವರ ಅತ್ತೆ ನೆಟ್ಟ ಬಿಳಿ ಹೈಡ್ರಾಂಜಿಯಾ ಇದೆ, ಏನು ಹಾಕಿದ್ರೂ ನೀಲಿ ಆಗ್ತಿಲ್ಲ, ಮೂರು ವರ್ಷದಿಂದ ಪಟಿಕ, ಕಾಫಿ ಗಷ್ಟು, ತುಕ್ಕು ಹಿಡಿದ ಮೊಳೆ ಎಲ್ಲ ಹಾಕಿದೀನಿ ಅಂದ್ರು. ಇನ್ನು ಹಾಕಬೇಡಿ, ಅದು ಬಿಳಿಯಾಗೇ ಚೆನ್ನಾಗಿರ್ಲಿ ಅಂದೆ. ನೀಲಿ ಬೇಕಂದ್ರೆ ನಮ್ಮನೆಗೆ ಬನ್ನಿ, ಹಿತ್ತಿಲ ಗಿಡದಿಂದ ಕಡ್ಡಿ ಕೊಡ್ತೀನಿ, ಹೂ ಬಿಡದೇ ಇರೋ ರೆಂಬೆ ನೋಡಿ ಮುರೀಬೇಕು, ಎರಡು ಗಿಣ್ಣು ಮಣ್ಣೊಳಗೆ ಹೋಗೋ ಹಾಗೆ ನೆರಳಲ್ಲಿ ನೆಡಿ, ಈ ಮಳೆ ನಿಲ್ಲೋದ್ರೊಳಗೆ.